ಮಂಜೂರಾದ ಕಿಟಕಿ ಗೋಡೆಯಾಗುವ ಬಗ್ಗೆ ಒಂದು ಬಹಿರಂಗ ಪತ್ರ

ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಮನೆಗಳ ನಕಾಶೆ ನೋಡಿ ಪರವಾನಿಗೆ ಕೊಡುವ ಅಧಿಕಾರಿಗಳಿಗೆ, ಮತ್ತು ಮನೆ ಕಟ್ಟಿಸಿ ಬಾಡಿಗೆಗೆ ಕೊಡುವ ನನ್ನಂಥ ಮಾಲೀಕರಿಗೆ,

ಮಾನ್ಯರೇ,

ನಾನು ಮೂವತ್ತೊಂದು ವರ್ಷ ಧಾರವಾಡದಲ್ಲಿ ಮನೆಗಳ ನಕಾಶೆ ಬರೆದು ಹೊಟ್ಟೆ ಹೊರೆದವನು. ಟ್ರೇಸಿಂಗ್ ಕಾಗದದ ಮೇಲೆ ಮಸಿಯ ಪೆನ್ನಿನಿಂದ ಗೆರೆ ಎಳೆದು, ತಪ್ಪಿದರೆ ಬ್ಲೇಡಿನಿಂದ ಕೆರೆದು ತೆಗೆಯುತ್ತಿದ್ದ ಕಾಲದಲ್ಲಿ ಕೆಲಸಕ್ಕೆ ಸೇರಿ, ಕಂಪ್ಯೂಟರಿನಲ್ಲಿ ಒಂದೇ ಮನೆಯನ್ನು ಹತ್ತು ಸೈಟಿಗೆ ಹೊಂದಿಸಿ ಕೊಡುವ ಕಾಲದಲ್ಲಿ ನಿವೃತ್ತನಾದೆ. ನನ್ನ ಕೈಯಿಂದ ಹೋದ ಯಾವ ನಕಾಶೆಯಲ್ಲೂ ಕಿಟಕಿಗೆ ಕೊರತೆ ಇರಲಿಲ್ಲ. ನಿಯಮ ಕೇಳುವಷ್ಟು ಕಿಟಕಿ, ಬಚ್ಚಲಿಗೊಂದು ವೆಂಟಿಲೇಟರ್, ಸುತ್ತಲೂ ಬಿಡಬೇಕಾದ ಜಾಗ, ಎಲ್ಲವನ್ನೂ ಅಳತೆಯ ಸಮೇತ ತೋರಿಸಿದ್ದೇನೆ. ಆ ಕಿಟಕಿಗಳಲ್ಲಿ ಎಷ್ಟೋ ಕಾಗದದ ಮೇಲಷ್ಟೇ ಉಳಿದು ಕಟ್ಟಡದಲ್ಲಿ ಗೋಡೆಯಾದವು ಎಂಬುದು ನನಗೂ ಗೊತ್ತಿತ್ತು, ಮನೆ ಕಟ್ಟಿಸಿದವರಿಗೂ ಗೊತ್ತಿತ್ತು, ಗೌಂಡಿಗೂ ಗೊತ್ತಿತ್ತು. ಹಾಗೆ ಗೋಡೆಯಾದ ಕಿಟಕಿ ಆ ಮನೆಯಲ್ಲಿ ಮಲಗುವವರ ಎದೆಗೆ ಏನು ಮಾಡುತ್ತದೆ ಎಂಬುದನ್ನು ನಾನು ತಿಳಿದದ್ದು ತೀರ ತಡವಾಗಿ, ಅದೂ ನನ್ನ ಸ್ವಂತ ಮನೆಯಲ್ಲಿ.

ನನ್ನದು ಮೂವತ್ತು-ನಲವತ್ತರ ಸೈಟು. ಕೆಳಗೆ ನಾವಿದ್ದೇವೆ, ಮೇಲಿನ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದೇವೆ. ಹಿತ್ತಿಲ ಕಡೆ ಖಾಲಿ ಬಿಡಬೇಕಿದ್ದ ಜಾಗದಲ್ಲಿ ಕೆಲವು ವರ್ಷಗಳ ನಂತರ ಕೆಳಗೂ ಮೇಲೂ ಒಂದೊಂದು ಸಣ್ಣ ಸಾಮಾನಿನ ಕೋಣೆ ಏರಿಸಿದೆ. ಅದಕ್ಕಾಗಿ ಮೇಲಿನ ಮನೆಯ ಹಿಂದಿನ ಖೋಲಿಯ ಉತ್ತರದ ಕಿಟಕಿಯನ್ನು ಕೀಳಿಸಿ, ಇಟ್ಟಿಗೆ ತುಂಬಿಸಿ, ಗಿಲಾವು ಮಾಡಿಸಿದೆ. ಅರ್ಧ ದಿನದ ಕೆಲಸ. ಆ ಮನೆಗೆ ಬಂದ ಸಂಸಾರದಲ್ಲಿ ಗಂಡ, ಹೆಂಡತಿ, ಆರು ವರ್ಷದ ಒಬ್ಬ ಮಗ ಇದ್ದರು. ಧಾರವಾಡದ ಜಿಟಿಜಿಟಿ ಮಳೆ ಜೂನ್‌ನಲ್ಲಿ ಹಿಡಿದುಕೊಂಡರೆ ಹುಡುಗನ ಕೆಮ್ಮೂ ಹಿಡಿದುಕೊಳ್ಳುತ್ತಿತ್ತು. ಶ್ರಾವಣದ ಹೊತ್ತಿಗೆ ಅವನು ನಡುರಾತ್ರಿ ಎದ್ದು, ದಿಂಬಿಗೆ ಒರಗಿ ಕೂತು, ಕುಂಯ್ ಕುಂಯ್ ಎಂದು ಉಸಿರೆಳೆಯುವುದು ಕೆಳಗೆ ಮಲಗಿದ ನಮಗೂ ಕೇಳಿಸುತ್ತಿತ್ತು. ಒಂದು ದಿನ ಬಾಡಿಗೆ ಕೊಡಲು ಬಂದ ಆ ತಾಯಿ, "ಕಾಕಾ, ಈ ಖೋಲ್ಯಾಗ ಮಳಿಗಾಲದಾಗ ಅರಿಬಿ ಒಣಗೂದಿಲ್ಲ ನೋಡ್ರಿ, ನಮ್ಮ ಹುಡುಗನ ಎದಿನೂ ಒಣಗೂದಿಲ್ಲ" ಎಂದರು. ನಾನು ನಕ್ಕು, ಧಾರವಾಡದ ಮಳೆಯೇ ಹಾಗೆ ಎಂದೆ.

ಎರಡನೆಯ ಮಳೆಗಾಲ ಮುಗಿಯುವ ಮೊದಲೇ ಅವರು ಬೇರೆ ಮನೆ ನೋಡಿಕೊಂಡು ಹೋದರು. ಅವರ ಬಟ್ಟೆಯ ಕಪಾಟನ್ನು ಹಮಾಲರು ಸರಿಸಿದಾಗ ಅದರ ಹಿಂದಿನ ಗೋಡೆ ನೋಡಿದೆ. ಕಪಾಟು ಎಷ್ಟು ಎತ್ತರ, ಎಷ್ಟು ಅಗಲ ಇತ್ತೋ ಅಷ್ಟೇ ಎತ್ತರ, ಅಷ್ಟೇ ಅಗಲದ ಕಪ್ಪು ಬೂಷ್ಟು ಗೋಡೆಯ ಮೇಲೆ ಅಚ್ಚೊತ್ತಿದ ಹಾಗೆ ಬೆಳೆದಿತ್ತು. ಅಂಚಿನಲ್ಲಿ ಹಸಿರು, ನಡುವೆ ಮಸಿ. ಕಪಾಟಿನ ಬೆನ್ನಿನ ಪ್ಲೈವುಡ್ ಹಸಿ ಹಪ್ಪಳದಂತೆ ಮೆತ್ತಗಾಗಿತ್ತು. ಹುಡುಗನ ಮಂಚದ ತಲೆಯ ಭಾಗ ಆ ಗೋಡೆಯಿಂದ ಒಂದು ಮೊಳ ದೂರದಲ್ಲಿತ್ತು, ನಾನು ಮುಚ್ಚಿಸಿದ ಕಿಟಕಿ ಅದೇ ಗೋಡೆಯಲ್ಲಿ ಇತ್ತು.

ಆ ಹುಡುಗನ ಉಬ್ಬಸಕ್ಕೆ ನನ್ನ ಗೋಡೆಯೊಂದೇ ಕಾರಣ ಎಂದು ಹೇಳಲು ನಾನು ವೈದ್ಯನಲ್ಲ. ಉಬ್ಬಸಕ್ಕೆ ವಂಶದ ಕಾರಣಗಳಿರುತ್ತವೆ, ರಸ್ತೆಯ ಧೂಳು ಇರುತ್ತದೆ, ನಮ್ಮ ಕಡೆ ಖಾಲಿ ಸೈಟುಗಳ ತುಂಬ ಬೆಳೆಯುವ ಕಾಂಗ್ರೆಸ್ ಕಸದ ಪರಾಗವೂ ಇರುತ್ತದೆ. ಆದರೆ ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಉಬ್ಬಸ, ಕೆಮ್ಮು ಮತ್ತು ಉಸಿರಾಟದ ಸೋಂಕು ಹೆಚ್ಚು ಎಂಬುದಕ್ಕೆ ಸಾಕಷ್ಟು ಪುರಾವೆ ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ, ಮನೆಯೊಳಗಿನ ತೇವ ಮತ್ತು ಬೂಷ್ಟಿನ ಕುರಿತೇ ಹೊರತಂದ ಮಾರ್ಗಸೂಚಿಯಲ್ಲಿ ಹೇಳಿದೆ. ಬೂಷ್ಟು ಇಂತಿಷ್ಟು ಇದ್ದರೆ ಪರವಾಗಿಲ್ಲ ಎಂಬ ಮಿತಿಯನ್ನು ಅದು ಹಾಕಿಕೊಡದೆ, ತೇವವೇ ನಿಲ್ಲದಂತೆ ನೋಡಿಕೊಳ್ಳಿ ಎಂದಿದೆ. ಹೊಸ ಮನೆಗೆ ಹೋದ ಮೇಲಿನ ಮಳೆಗಾಲದಲ್ಲಿ ಹುಡುಗ ರಾತ್ರಿ ಎದ್ದು ಕೂಡುವುದು ಕಡಿಮೆಯಾಯಿತೆಂದು ಆ ತಾಯಿಯೇ ಫೋನಿನಲ್ಲಿ ತಿಳಿಸಿದರು, ನನ್ನ ಮೇಲೆ ಸಿಟ್ಟಿಲ್ಲದೆ.

ಇದು ಹೇಗೆ ಆಗುತ್ತದೆ ಎಂಬುದನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಗೋಡೆ ತೇವವಾದರೆ ನಾವು ಮಾಲೀಕರು ಮಾಡುವ ಮೊದಲ ಕೆಲಸ ಬಣ್ಣ ಬಳಿಸುವುದು, ಅದು ದುಡ್ಡಿನ ದಂಡ. ನಾಲ್ಕು ಜನರ ಸಂಸಾರವೊಂದು ಅಡುಗೆ, ಸ್ನಾನ, ಒಳಗೇ ಒಣಹಾಕುವ ಬಟ್ಟೆ ಮತ್ತು ಬರಿಯ ಉಸಿರಿನಿಂದಲೇ ದಿನಕ್ಕೆ ಹತ್ತು ಲೀಟರಿನ ಆಸುಪಾಸು ನೀರನ್ನು ಆವಿಯಾಗಿ ಮನೆಯ ಗಾಳಿಗೆ ಸೇರಿಸುತ್ತದೆ. ಕಿಟಕಿಗಳು ತೆರೆದಿದ್ದರೆ ಅದು ಹೊರಗೆ ಹೋಗುತ್ತದೆ. ಹೋಗಲು ದಾರಿಯಿಲ್ಲದಿದ್ದರೆ ಮನೆಯಲ್ಲಿ ಅತ್ಯಂತ ತಣ್ಣಗಿರುವ ಜಾಗವನ್ನು ಹುಡುಕಿ ಅಲ್ಲಿ ಹನಿಯಾಗುತ್ತದೆ, ಮತ್ತು ಆ ಜಾಗ ಸಾಮಾನ್ಯವಾಗಿ ಕಪಾಟಿನ ಹಿಂದಿನ ಹೊರಗೋಡೆ. ಹಿಂದೆ ಹೊರಗೋಡೆಯನ್ನು ಒಂಬತ್ತು ಇಂಚು ದಪ್ಪ ಕಟ್ಟುತ್ತಿದ್ದರು, ಈಗ ಜಾಗ ಉಳಿಸಲು ಆರು ಇಂಚಿನ ಸಿಮೆಂಟ್ ಬ್ಲಾಕು, ಕೆಲವೆಡೆ ನಾಲ್ಕೂವರೆ ಇಂಚು. ಕಿಟಕಿಯ ಮೇಲೆ ಸಜ್ಜಾ ಇಲ್ಲದ್ದರಿಂದ ಮಳೆಯ ಇರಚಲು ನೇರ ಗೋಡೆಗೆ ಬಡಿಯುತ್ತದೆ. ಪಾಯದ ಮಟ್ಟದಲ್ಲಿ ತೇವ ತಡೆಯಲು ಹಾಕಬೇಕಾದ ಪದರನ್ನು ಹಾಕದಿದ್ದರೆ ಹುಬ್ಬಳ್ಳಿ ಕಡೆಯ ಎರೆಮಣ್ಣು ಹೀರಿಟ್ಟುಕೊಂಡ ನೀರು ಕೆಳಗಿನಿಂದ ಏರುತ್ತದೆ. ಇಷ್ಟು ದಾರಿಗಳಿಂದ ಬಂದ ತೇವದ ಮೇಲೆ ಪ್ಲಾಸ್ಟಿಕ್ ಬಣ್ಣ ಬಳಿದರೆ ಅದು ಗೋಡೆಯೊಳಗೇ ಉಳಿಯುತ್ತದೆ, ಮುಂದಿನ ಮಳೆಗಾಲಕ್ಕೆ ಬಣ್ಣ ಪೊರೆಪೊರೆಯಾಗಿ ಏಳುತ್ತದೆ.

ಇನ್ನು ಕಿಟಕಿಯ ಲೆಕ್ಕ. ಕಿಟಕಿಯ ವಿಸ್ತೀರ್ಣವು ಕೋಣೆಯ ನೆಲದ ಇಂತಿಷ್ಟು ಭಾಗ ಇರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಒಣ ಬಿಸಿಲಿನ ಪ್ರದೇಶಕ್ಕೆ ಹತ್ತನೆಯ ಒಂದು ಭಾಗ, ತೇವದ ಬಿಸಿ ಪ್ರದೇಶಕ್ಕೆ ಆರನೆಯ ಒಂದು ಭಾಗ. ಕಡಿಮೆಯದನ್ನೇ ಹಿಡಿದರೂ ಹತ್ತು-ಹತ್ತು ಅಡಿಯ ಖೋಲಿಗೆ ಹತ್ತು ಚದರಡಿ, ಅಂದರೆ ನಾಲ್ಕಡಿ ಅಗಲ, ಎರಡೂವರೆ ಅಡಿ ಎತ್ತರದ ತೆರಪು ಬೇಕು. ಇಲ್ಲಿ ಒಂದು ಮಾತು ನಕಾಶೆಗಾರನಾಗಿ ಹೇಳಬೇಕು. ಹಳೆಯ ಕಟ್ಟಿಗೆಯ ಕಿಟಕಿಯ ಎರಡು ಕದ ತೆಗೆದರೆ ಕಿಟಕಿ ಪೂರ್ತಿ ತೆರೆಯುತ್ತಿತ್ತು. ಈಗಿನ ಸರಿಯುವ ಗಾಜಿನ ಕಿಟಕಿಯಲ್ಲಿ ಒಂದು ಗಾಜು ಇನ್ನೊಂದರ ಹಿಂದೆ ಹೋಗುವುದರಿಂದ ಅರ್ಧ ಮಾತ್ರ ತೆರೆಯುತ್ತದೆ. ನಕಾಶೆಯ ಮೇಲೆ ಹತ್ತು ಚದರಡಿ ಎಂದು ನಾನು ಬರೆದದ್ದು ಮನೆಯಲ್ಲಿ ಐದು ಚದರಡಿ. ಸಾಲದ್ದಕ್ಕೆ ಗಾಳಿ ಒಂದು ಕಡೆಯಿಂದ ಬಂದರೆ ಇನ್ನೊಂದು ಕಡೆಯಿಂದ ಹೋಗಬೇಕು, ಹೋಗುವ ಕಡೆ ನೆರೆಮನೆಯವರ ಗೋಡೆ ನಮ್ಮ ಗೋಡೆಗೆ ತಾಗಿ ನಿಂತಿರುತ್ತದೆ. ಅಪಾರ್ಟ್‌ಮೆಂಟುಗಳಲ್ಲಿ ಬಚ್ಚಲು, ಅಡುಗೆಮನೆಗಳ ಗಾಳಿಗೆಂದು ನಡುವೆ ಬಿಟ್ಟ ಡಕ್ಟನ್ನು ಮಳೆ ಬೀಳುತ್ತದೆಂದು ಮಾಳಿಗೆಯ ಮೇಲೆ ತಗಡು ಹೊದಿಸಿ ಮುಚ್ಚಿಬಿಡುತ್ತಾರೆ; ಆಮೇಲೆ ಅದು ಒಂದು ಮನೆಯ ಒಗ್ಗರಣೆಯ ಘಾಟನ್ನು ಇನ್ನೊಂದು ಮನೆಯ ಬಚ್ಚಲಿಗೆ ಮುಟ್ಟಿಸುವ ಕೊಳವೆ ಅಷ್ಟೆ.

ಬಚ್ಚಲಿನ ವಿಷಯದಲ್ಲಿ ಕಾಯಿಲೆಯ ಮಾತಷ್ಟೇ ಅಲ್ಲ, ಜೀವದ ಮಾತೂ ಇದೆ. ಹಂಡೆಗೆ ಕಟ್ಟಿಗೆ ಇಟ್ಟು ನೀರು ಕಾಸುತ್ತಿದ್ದ ಬಚ್ಚಲಲ್ಲಿ ಹೊಗೆಗೊಂದು ಕಿಂಡಿ ಇರುತ್ತಿತ್ತು. ಹೊಗೆ ಕಣ್ಣಿಗೆ ಕಾಣುತ್ತಿದ್ದುದರಿಂದ ಅದನ್ನು ಯಾರೂ ಮುಚ್ಚುತ್ತಿರಲಿಲ್ಲ. ಈಗ ಅದೇ ಅಳತೆಯ ಬಚ್ಚಲಲ್ಲಿ ಗ್ಯಾಸ್ ಗೀಸರ್ ಕೂಡಿಸಿ, ಚಳಿಗಾಲದಲ್ಲಿ ತಂಪು ಗಾಳಿ ಬರುತ್ತದೆಂದು ವೆಂಟಿಲೇಟರಿಗೆ ಥರ್ಮಾಕೋಲ್ ತುಂಡನ್ನೋ ಹಳೆಯ ಪ್ಲಾಸ್ಟಿಕ್ ಚೀಲವನ್ನೋ ತುರುಕುತ್ತಾರೆ. ಮುಚ್ಚಿದ ಕೋಣೆಯಲ್ಲಿ ಗ್ಯಾಸು ಉರಿದಂತೆ ಆಮ್ಲಜನಕ ಕಡಿಮೆಯಾಗಿ, ಗ್ಯಾಸು ಪೂರ್ತಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದು ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಸ್ನಾನಕ್ಕೆ ಹೋದವರು ತಲೆಸುತ್ತಿ ಬಿದ್ದು, ಬಾಗಿಲು ಒಡೆಯುವಷ್ಟರಲ್ಲಿ ತೀರಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಪ್ರತಿ ಚಳಿಗಾಲ ಬರುತ್ತದೆ. ಗ್ಯಾಸ್ ಗೀಸರ್ ಬಚ್ಚಲಿನ ಹೊರಗೋಡೆಯ ಆಚೆಯೇ ಇರಬೇಕು, ಕೊಳವೆಯಲ್ಲಿ ನೀರಷ್ಟೇ ಒಳಗೆ ಬರಬೇಕು.

ಹಿಂದಿನ ಮನೆಗಳನ್ನು ಹೊಗಳಲು ನಾನು ಹೊರಟಿಲ್ಲ. ನಮ್ಮ ಅಜ್ಜಿಯ ಮನೆ ಮಣ್ಣಿನ ಮೇಲ್ಮುದ್ದೆಯ ಮಾಳಿಗೆಯದು. ಎರಡಡಿ ದಪ್ಪದ ಗೋಡೆ ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ ಇಡುತ್ತಿತ್ತು ಎಂಬುದು ನಿಜ, ಪಡಸಾಲೆಯ ಬೆಳಕಿಂಡಿಯಿಂದ ಮಧ್ಯಾಹ್ನ ಬಿಸಿಲಿನ ಕೋಲು ಇಳಿಯುತ್ತಿದ್ದುದೂ ನಿಜ. ಆದರೆ ಬಾಗಿಲ ಪಕ್ಕದಲ್ಲೇ ದನ ಕಟ್ಟುತ್ತಿದ್ದರು, ಅಡುಗೆಮನೆಯ ಜಂತಿಗಳಿಗೆ ಹೊಗೆಯ ಕರಿ ಬೆರಳುದ್ದ ಹಿಡಿದಿತ್ತು, ಅಜ್ಜಿ ಐವತ್ತು ವರ್ಷ ಆ ಒಲೆಯ ಮುಂದೆ ರೊಟ್ಟಿ ಬಡಿದು ಕೊನೆಯ ದಿನಗಳಲ್ಲಿ ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುತ್ತಿದ್ದಳು. ಕಟ್ಟಿಗೆ, ಬೆರಣಿ, ಸೀಮೆಎಣ್ಣೆಯಂಥ ಉರುವಲಿನಿಂದ ಮನೆಯೊಳಗೆ ತುಂಬುವ ಹೊಗೆ 2020ರಲ್ಲಿ ಜಗತ್ತಿನಲ್ಲಿ ಅಂದಾಜು 32 ಲಕ್ಷ ಜನರ ಸಾವಿಗೆ ಕಾರಣವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಹಳ್ಳಿಗಳ ಬಡವರ ಮನೆಗೂ ಗ್ಯಾಸು ಬಂದದ್ದು ದೊಡ್ಡ ಬದಲಾವಣೆ, ಅದನ್ನು ಒಪ್ಪಲೇಬೇಕು. ಹೊಗೆ ಹೋಯಿತೆಂದು ಕಿಂಡಿಯೂ ಬೇಡವೆಂದುಕೊಂಡದ್ದು ನಮ್ಮ ತಪ್ಪು. ಗ್ಯಾಸಿನ ಉರಿಯಿಂದಲೂ ನೈಟ್ರೋಜನ್ ಡೈಆಕ್ಸೈಡ್ ಬರುತ್ತದೆ, ಎಣ್ಣೆ ಕಾದ ಹೊಗೆಯಲ್ಲೂ ಅತಿಸೂಕ್ಷ್ಮ ಕಣಗಳಿವೆ, ಮೆಣಸಿನಕಾಯಿ ಹುರಿದ ದಿನ ಇಡೀ ಮನೆ ಸೀನುವುದಕ್ಕೆ ಯಾವ ಅಧ್ಯಯನವೂ ಬೇಕಿಲ್ಲ.

ಎತ್ತರದ ಸೂರು, ದೊಡ್ಡ ಕಿಟಕಿಗಳ ಬಗ್ಗೆ ಮಾತ್ರ ಹಳಬರ ಲೆಕ್ಕ ಸರಿಯಿತ್ತು. ಪೆರು ದೇಶದ ಲಿಮಾ ನಗರದ ಆಸ್ಪತ್ರೆಗಳಲ್ಲಿ ಕ್ಷಯದ ಸೋಂಕಿನ ಅಪಾಯವನ್ನು ಅಳೆದ ಒಂದು ಅಧ್ಯಯನ 2007ರಲ್ಲಿ ಪ್ರಕಟವಾಯಿತು. 1950ಕ್ಕಿಂತ ಮೊದಲು ಕಟ್ಟಿದ, ಎತ್ತರದ ಸೂರು ಮತ್ತು ದೊಡ್ಡ ಕಿಟಕಿಗಳಿರುವ ಹಳೆಯ ವಾರ್ಡುಗಳಲ್ಲಿ ಕಿಟಕಿ ತೆರೆದಿಟ್ಟರೆ ಗಾಳಿ ಬದಲಾಗುವ ವೇಗ ಈಚಿನ ಕಟ್ಟಡಗಳಿಗಿಂತ ಬಹಳ ಹೆಚ್ಚು, ಸೋಂಕಿನ ಅಪಾಯ ಅಷ್ಟೇ ಕಡಿಮೆ ಎಂದು ಅದು ತೋರಿಸಿತು. ಕ್ಷಯ ಹರಡುವುದು ಗಾಳಿಯಿಂದ. ಒಂದೇ ಖೋಲಿಯಲ್ಲಿ ಐದಾರು ಮಂದಿ ಮಲಗುವ ಮನೆಗಳಲ್ಲಿ ಕಿಟಕಿ ತೆರೆದಿಡುವುದಕ್ಕೆ ಔಷಧಿಯಷ್ಟೇ ಬೆಲೆ ಇದೆ.

ಕಿಟಕಿ ಇದ್ದರೂ ಜನ ಮುಚ್ಚಿಕೊಂಡೇ ಇರುತ್ತಾರಲ್ಲ ಎಂದು ನೀವು ಕೇಳಬಹುದು, ಅದು ಸರಿಯಾದ ಪ್ರಶ್ನೆಯೇ. ಹುಬ್ಬಳ್ಳಿಯಲ್ಲಿ ಧೂಳಿಗೆ ಹೆದರಿ ಮುಚ್ಚುತ್ತಾರೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ, ಗಾಳಿ ಕೆಟ್ಟಿರುವ ನಗರಗಳ ಪಟ್ಟಿಗೆ ಸೇರಿದ ಕರ್ನಾಟಕದ ನಾಲ್ಕು ನಗರಗಳಲ್ಲಿ ನಮ್ಮ ಅವಳಿ ನಗರವೂ ಒಂದು ಎಂಬುದು ನಿಮಗೆ ಗೊತ್ತೇ ಇದೆ. ಸಂಜೆಯಾದರೆ ಸೊಳ್ಳೆಗೆ ಹೆದರಿ ಮುಚ್ಚುತ್ತಾರೆ, ಮುಚ್ಚಿದ ಮೇಲೆ ಒಳಗೆ ಸೊಳ್ಳೆಬತ್ತಿ ಹಚ್ಚುತ್ತಾರೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಒಂದು ಸುರುಳಿ ಸೊಳ್ಳೆಬತ್ತಿ ಉರಿದು ಮುಗಿಯುವಷ್ಟರಲ್ಲಿ ಹೊರಬೀಳುವ ಅತಿಸೂಕ್ಷ್ಮ ಕಣಗಳ ಪ್ರಮಾಣ 75ರಿಂದ 137 ಸಿಗರೇಟುಗಳ ಹೊಗೆಗೆ ಸಮ. ಬೀಡಿ ಸೇದುವವನನ್ನು ಅಂಗಳಕ್ಕೆ ಅಟ್ಟುವ ಮನೆಯಲ್ಲೇ ಕೂಸಿನ ತೊಟ್ಟಿಲ ಕೆಳಗೆ ರಾತ್ರಿಯಿಡೀ ಇದು ಉರಿಯುತ್ತಿರುತ್ತದೆ. ಕಿಟಕಿಗೆ ಸೊಳ್ಳೆಪರದೆಯ ಜಾಳಿಗೆ ಹಾಕಿಸಿದರೆ ಬತ್ತಿಯೂ ಬೇಡ, ಮುಚ್ಚುವುದೂ ಬೇಡ; ಆದರೆ ಬಾಡಿಗೆದಾರ ಅದು ಮಾಲೀಕನ ಖರ್ಚು ಎನ್ನುತ್ತಾನೆ, ಮಾಲೀಕ ಅದು ಬಾಡಿಗೆದಾರನ ಚಟ ಎನ್ನುತ್ತಾನೆ. ನಾನೂ ಹಾಗೆಯೇ ಅಂದವನು.

ಧಾರವಾಡದ ಸಪ್ತಾಪುರದ ಕಡೆಯ ವಿದ್ಯಾರ್ಥಿಗಳ ಖೋಲಿಗಳ ಬಗ್ಗೆ ಪ್ರತ್ಯೇಕವಾಗಿ ಹೇಳದೆ ಇರಲಾರೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಗದಗ, ಹಾವೇರಿ, ಬಾಗಲಕೋಟೆ, ವಿಜಯಪುರಗಳಿಂದ ಬರುವ ಹುಡುಗ ಹುಡುಗಿಯರಿಗೆಂದು ಒಂದು ಹಾಲನ್ನು ಪ್ಲೈವುಡ್ಡಿನಿಂದ ಮೂರು ನಾಲ್ಕು ಪಾಲು ಮಾಡಿ ಕೊಡುವುದು ಅಲ್ಲಿ ಮಾಮೂಲು. ಅಂಚಿನ ಪಾಲಿಗೆ ಕಿಟಕಿ ಸಿಗುತ್ತದೆ, ನಡುವಿನ ಪಾಲಿಗೆ ಟ್ಯೂಬ್‌ಲೈಟ್ ಸಿಗುತ್ತದೆ. ಆ ನಡುವಿನ ಪಾಲಿನಲ್ಲಿ ಇಬ್ಬರೋ ಮೂವರೋ ಮಲಗುತ್ತಾರೆ, ಓದುತ್ತಾರೆ, ಕರೆಂಟಿನ ಒಲೆಯ ಮೇಲೆ ಅನ್ನ ಮಾಡಿಕೊಳ್ಳುತ್ತಾರೆ, ಮಳೆಗಾಲದಲ್ಲಿ ತಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಾರೆ. ಹೊರಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 420 ಭಾಗ ಇರುತ್ತದೆ. ಮುಚ್ಚಿದ ಕೋಣೆಯಲ್ಲಿ ಮೂವರು ರಾತ್ರಿ ಕಳೆದರೆ ಅದು 2000 ದಾಟುವುದು ಸುಲಭ. ಬೆಳಿಗ್ಗೆ ತಲೆ ಭಾರ, ಓದಲು ಕೂತರೆ ತೂಕಡಿಕೆ. ಊರಿನಲ್ಲಿ ಹೊಲ ಮಾರಿ ಫೀ ಕಟ್ಟಿದ ತಂದೆ, ಮಗನಿಗೆ ಓದಿನ ಮೇಲೆ ಲಕ್ಷ್ಯವಿಲ್ಲ ಎಂದುಕೊಳ್ಳುತ್ತಾನೆ.

ಮನೆಯೊಳಗಿನದು ಖಾಸಗಿ ವಿಷಯ, ಅಲ್ಲಿ ಆಡಳಿತಕ್ಕೇನು ಕೆಲಸ ಎಂಬ ಮಾತು ಬರುತ್ತದೆ. ಆಡಳಿತ ನಮ್ಮ ಮನೆಯೊಳಗೆ ಬಂದು ನೂರು ವರ್ಷಕ್ಕೂ ಹೆಚ್ಚಾಯಿತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಹೊಕ್ಕ ಕಾಲದಲ್ಲಿ ಮುಂಬಯಿ ಪ್ರಾಂತದ ಅಧಿಕಾರಿಗಳು ಕತ್ತಲೆ ಮನೆಗಳ ಹೆಂಚು ಕೀಳಿಸಿ ಒಳಗೆ ಬಿಸಿಲು ಬೀಳಿಸುವ ಪದ್ಧತಿ ಇಟ್ಟುಕೊಂಡಿದ್ದರು. ರೋಗ ಹರಡುವುದು ಇಲಿಯ ಚಿಗಟದಿಂದ ಎಂಬುದು ಆಗಿನ್ನೂ ಎಲ್ಲರೂ ಒಪ್ಪಿದ ಮಾತಾಗಿರಲಿಲ್ಲ. ಅಂಥ ದಬ್ಬಾಳಿಕೆ ಮತ್ತೆ ಬರಲೆಂದು ಯಾರೂ ಕೇಳುವುದಿಲ್ಲ. ಆದರೆ 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಮರಿಯಾಗಲು ಬಿಟ್ಟ ನಗರದ ಮನೆಗೆ 400 ರೂಪಾಯಿ ದಂಡ ಎಂದು ನಿಯಮ ಮಾಡಿತು. ನಲ್ಲಿಯ ನೀರಿಗೆ ದಿನಗಟ್ಟಲೆ ಕಾಯುವ ಬಡಾವಣೆಯಲ್ಲಿ ನೀರು ತುಂಬಿಟ್ಟುಕೊಳ್ಳದೆ ಗತಿಯಿಲ್ಲ ಎಂಬ ಜಗಳ ಬೇರೆಯೇ ಇದೆ, ಅದನ್ನು ಇಲ್ಲಿಗೆ ತರುವುದಿಲ್ಲ. ನನ್ನ ಮಾತು ಇಷ್ಟೆ: ಬ್ಯಾರೆಲ್ಲಿನ ಮುಚ್ಚಳ ಎತ್ತಿ ನೋಡುವ ಅಧಿಕಾರ ಇರುವವರಿಗೆ ಕಿಟಕಿ ತೆರೆದು ನೋಡಲು ಸಂಕೋಚವೇಕೆ?

ಹಾಗಾಗಿ ನಾನು ಹೊಸ ಕಾನೂನನ್ನು ಕೇಳುತ್ತಿಲ್ಲ. ಕಟ್ಟಡ ಪೂರ್ಣಗೊಂಡ ಅಥವಾ ಸ್ವಾಧೀನಾನುಭವದ ಪ್ರಮಾಣಪತ್ರ ಕಂಡ ಮೇಲೆಯೇ ವಿದ್ಯುತ್, ನೀರು, ಒಳಚರಂಡಿಯ ಸಂಪರ್ಕ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2024ರ ಡಿಸೆಂಬರ್‌ನಲ್ಲಿ ಹೇಳಿದ ಮೇಲೆ ಆ ಕಾಗದಕ್ಕೆ ಬೆಲೆ ಬಂದಿದೆ. ಆ ಪ್ರಮಾಣಪತ್ರ ಕೊಡುವ ಮೊದಲು ಮಹಡಿಗಳನ್ನೂ ಸೆಟ್‌ಬ್ಯಾಕನ್ನೂ (ಸುತ್ತಲೂ ಖಾಲಿ ಬಿಡಬೇಕಾದ ಜಾಗ) ಅಳೆಯುವ ಟೇಪಿನಿಂದಲೇ ಒಳಗೆ ಬಂದು ಪ್ರತಿ ಖೋಲಿಯ ಕಿಟಕಿಯನ್ನೂ ಅಳೆಯಬೇಕು. ಚೌಕಟ್ಟನ್ನಲ್ಲ, ತೆರೆದಾಗ ಗಾಳಿಗೆ ಸಿಗುವ ತೆರಪನ್ನು ಅಳೆಯಬೇಕು. ಒಳಗಿನಿಂದ ತೆಗೆದ ಒಂದೊಂದು ಕಿಟಕಿಯ ಫೋಟೋ ನಕಾಶೆಯ ಜೊತೆ ಕಡತದಲ್ಲಿ ಇರಬೇಕು. ಡಕ್ಟಿನ ಬಾಯಿಯನ್ನು ಮಾಳಿಗೆಯ ಮೇಲೆ ಹತ್ತಿ ನೋಡಬೇಕು. ಪೇಯಿಂಗ್ ಗೆಸ್ಟ್ ನಡೆಸಲು ಪರವಾನಿಗೆ ಕೊಡುವಾಗ ಮಂಚಗಳನ್ನು ಎಣಿಸುವುದರ ಜೊತೆಗೆ ಕಿಟಕಿಗಳನ್ನೂ ಎಣಿಸಬೇಕು. ಸರ್ಕಾರಿ ವಸತಿ ಯೋಜನೆಗಳ ಮನೆಗಳು ಚಿಕ್ಕವೇ ಇರುತ್ತವೆ, ಅದಕ್ಕಾಗಿಯೇ ಅವುಗಳಲ್ಲಿ ಎದುರುಬದುರು ಎರಡು ಕಿಟಕಿಗಳಿಗೆ ರಿಯಾಯಿತಿ ಕೊಡಬಾರದು.

ಮಾಲೀಕರಿಗೆ ಹೇಳುವುದು ಇನ್ನೂ ಕಡಿಮೆ. ಕಪಾಟನ್ನು ಹೊರಗೋಡೆಯಿಂದ ನಾಲ್ಕು ಬೆರಳು ದೂರ ಇಡಲು ಬಾಡಿಗೆದಾರರಿಗೆ ಹೇಳಿ, ಅಡುಗೆಮನೆಗೆ ಹೊರಗೆ ಗಾಳಿ ತಳ್ಳುವ ಫ್ಯಾನು ಹಾಕಿಸಿ, ಜಾಳಿಗೆಯ ಖರ್ಚನ್ನು ನೀವೇ ಹೊತ್ತುಕೊಳ್ಳಿ, ಗೋಡೆಗೆ ಬಣ್ಣ ಬಳಿಸುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ.

ನನ್ನ ಮನೆಯ ಉತ್ತರದ ಗೋಡೆಯನ್ನು ಹೋದ ವೈಶಾಖದಲ್ಲಿ ಒಡೆಸಿದೆ. ಮೇಲಿನ ಸಾಮಾನಿನ ಕೋಣೆಯನ್ನು ಕೆಡವಿಸಿ ಕಿಟಕಿಯನ್ನು ಅದೇ ಜಾಗದಲ್ಲಿ ಕೂಡಿಸಿದ್ದೇನೆ, ಈ ಸಲ ಎರಡು ಕದದ್ದು. ಕೆಳಗಿನ ಕೋಣೆ ಮಾತ್ರ ಇನ್ನೂ ಸೆಟ್‌ಬ್ಯಾಕಿನಲ್ಲೇ ನಿಂತಿದೆ. ನೀವು ಕಿಟಕಿ ಅಳೆಯುವ ಕೆಲಸ ಆರಂಭಿಸುವುದಾದರೆ ಮೊದಲ ನೋಟಿಸನ್ನು ನನಗೇ ಕೊಡಬಹುದು. ಅಳತೆಗೆ ಬರುವ ಸಿಬ್ಬಂದಿಯ ಜೊತೆ ಟೇಪಿನ ಇನ್ನೊಂದು ತುದಿ ಹಿಡಿಯಲು ನಾನು ಸಿದ್ಧನಿದ್ದೇನೆ. ನಾನು ಬರೆದ ಉಳಿದ ಮನೆಗಳ ನಕಾಶೆಗಳ ನಕಲುಗಳೂ ನನ್ನ ಹತ್ತಿರ ಇವೆ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ನಕಾಶೆಗಾರ
ಧಾರವಾಡ